ಒಂಬತ್ತನೇ ಕ್ಲಾಸಿಗೆ ಮಗಳು ಆಟೊಮೊಬೈಲ್ ತಗೊಳ್ತೀನಿ ಅಂತಾಳೆ, ಏನ್ಮಾಡ್ಲಿ?

ಪ್ರಶ್ನೆ: ನಮ್ಮೂರ ಸರ್ಕಾರಿ ಹೈಸ್ಕೂಲಲ್ಲಿ ಮೂರನೇ ಭಾಷೆ ಬದಲು ಎನ್‌ಎಸ್‌ಕ್ಯೂಎಫ್ ವಿಷಯ, ಅಂದ್ರೆ ವೃತ್ತಿ ಕೌಶಲ ಕಲಿಸೋ ವಿಷಯ, ತಗೋಬಹುದು. ಇರೋದು ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್. ಮಗಳಿಗೆ ಆಟೊಮೊಬೈಲೇ ಬೇಕು. ನಮ್ಮನೆಯವರು ‘ಗ್ಯಾರೇಜಿಗೆ ಹೋಗೋಕೆ ಓದಿಸ್ಬೇಕಾ’ ಅಂತಾರೆ. ಗೊತ್ತಿರೋರು ಹೇಳಿ.

ಉತ್ತರ: ಅಕ್ಕ, ಆರು ವರ್ಷದಿಂದ ಇದನ್ನೇ ಕಲಿಸ್ತಿದೀನಿ. ಒಂಬತ್ತರಲ್ಲಿ ಲೆವೆಲ್ 1, ಹತ್ತರಲ್ಲಿ ಲೆವೆಲ್ 2. ಗಣಿತದಲ್ಲಿ ದಶಮಾಂಶ ಬಂದ್ರೆ ತಲೆ ತಗ್ಗಿಸಿ ಕೂರ್ತಿದ್ದ ಹುಡುಗ ಒಬ್ಬ ಇದ್ದ. ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಗ್ಯಾಪ್ ಅಳೆಯೋಕೆ ಕೈಗೆ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಲೋಹದ ಪಟ್ಟಿಗಳ ಕಟ್ಟು) ಕೊಟ್ಟೆ. 0.7 ಮಿಲಿಮೀಟರಿನ ಪಟ್ಟಿ ತೂರಿಸಿದ, ಸಡಿಲವಾಗಿ ಆಡ್ತು. 0.8 ಹಾಕಿದ, ಅದೂ ಸಲೀಸಾಗಿ ಹೋಯ್ತು. ‘ಸರ್, ಗ್ಯಾಪ್ ಜಾಸ್ತಿಯಾಗಿದೆ’ ಅಂತ ಅವನೇ ಹೇಳಿದ. ಆವತ್ತಿಂದ ಒಂದು ಪೀರಿಯಡ್ಡೂ ತಪ್ಪಿಸ್ಲಿಲ್ಲ. ಆದ್ರೆ ಥಿಯರಿ ಪೇಪರಲ್ಲಿ ಕಡಿಮೆ ಬಂತು. ಕೈಗೆ ಗೊತ್ತಿದ್ದದ್ದನ್ನ ವಾಕ್ಯ ಮಾಡಿ ಬರೆಯೋದು ಅವನಿಗೆ ಬರ್ತಿರ್ಲಿಲ್ಲ, ನಾನೂ ಅದನ್ನ ಕಲಿಸಿರ್ಲಿಲ್ಲ. ಈಗ ಪ್ರಾಕ್ಟಿಕಲ್ ಮುಗಿದ ದಿನವೇ ಮಾಡಿದ್ದನ್ನ ನಾಲ್ಕು ಸಾಲು ಬರೆಸ್ತೀನಿ.

ಇದಕ್ಕೂ ಮೊದಲು ನಾನಿದ್ದ ಶಾಲೆಯಲ್ಲಿ ಸಾಮಾನೆಲ್ಲ ಬೀರುವಲ್ಲಿತ್ತು, ಬೀಗ ಹಾಕಿ. ಮಕ್ಕಳು ನೋಟ್ಸ್ ಉರು ಹೊಡೀತಿದ್ರು. ಅಂಥ ಕಡೆ ಆಸಕ್ತಿ ಎರಡು ತಿಂಗಳೂ ಉಳಿಯಲ್ಲ. ಅದಕ್ಕೇ ಸೇರಿಸೋ ಮುಂಚೆ ಹೋಗಿ ಲ್ಯಾಬ್ ನೋಡಿ, ಹೋದ ವರ್ಷದ ಮಕ್ಕಳ ರೆಕಾರ್ಡ್ ಬುಕ್ ಕೇಳಿ. ಹಾಳೆಗೆ ಎಣ್ಣೆ ಕಲೆ ಹತ್ತಿದ್ರೆ ಧೈರ್ಯವಾಗಿ ಸೇರಿಸಿ.

ಉತ್ತರ: ನನ್ನ ಮಗ 2022ರ ಬ್ಯಾಚು, ಹಿಂದಿ ಬದಲು ಐಟಿ ತಗೊಂಡಿದ್ದ. ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕದಲ್ಲಿ ಅದರ 100 ಅಂಕವೂ ಸೇರಿತ್ತು. ಪಿಯು ಸೈನ್ಸ್ ಸೇರೋಕೆ ಏನೂ ತೊಂದರೆ ಆಗ್ಲಿಲ್ಲ. ಒಂದು ಮಾತು ನೆನಪಿಟ್ಕೊಳ್ಳಿ: ನಿಮ್ಮವರಿಗೆ ವರ್ಗಾವಣೆ ಆಗೋದಿದ್ರೆ ಯೋಚಿಸಿ, ಹೊಸ ಶಾಲೆಯಲ್ಲಿ ಅದೇ ವಿಷಯ ಇಲ್ಲದೇ ಹೋಗ್ಬಹುದು.

ಉತ್ತರ: ಆಂಟಿ, ನಮ್ಮ ಬ್ಯಾಚಲ್ಲಿ ಆಟೊಮೊಬೈಲ್ ತಗೊಂಡಿದ್ದು ಮೂರೇ ಹುಡುಗಿಯರು. ಮೊದಲ ವಾರ ಹುಡುಗರು ಸ್ಪ್ಯಾನರ್ ಬಿಡ್ತಾನೇ ಇರ್ಲಿಲ್ಲ. ನಾವು ನಿಂತು ನೋಡೋದು, ಅವರು ಬಿಚ್ಚೋದು. ಮೇಡಂಗೆ ಹೇಳಿದ್ವಿ, ಸರದಿ ಮಾಡಿದ್ರು. ಈಗ ಮೆಕ್ಯಾನಿಕಲ್ ಡಿಪ್ಲೊಮಾ ಓದ್ತಿದೀನಿ, ವರ್ಕ್‌ಶಾಪಲ್ಲಿ ಯಾವ ಬೋಲ್ಟಿಗೆ ಎಷ್ಟನೇ ನಂಬರ್ ಸ್ಪ್ಯಾನರ್ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ನಿಮ್ಮ ಮಗಳ ಸರದಿ ಬರ್ತಿದೆಯಾ ಅಂತ ಆಗಾಗ ಕೇಳ್ತಿರಿ. ಪ್ರಾಕ್ಟಿಕಲ್ ದಿನ ಹಳೇ ಶರ್ಟೊಂದು ಬ್ಯಾಗಲ್ಲಿಟ್ಟು ಕಳಿಸಿ, ಯೂನಿಫಾರ್ಮಿಗೆ ಹತ್ತಿದ ಗ್ರೀಸ್ ಎಷ್ಟು ಒಗೆದ್ರೂ ಹೋಗಲ್ಲ.