ಹೊಸ ಪಿಸಿ: ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರ್ತಿಲ್ಲ, ಡಿರ‍್ಯಾಮ್ ದೀಪ ಆರ್ತಿಲ್ಲ (ರೈಜನ್ 5 7600, ಬಿ650)

ಹೊಳೆಬದಿ (ತೀರ್ಥಹಳ್ಳಿ):

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಕೈಯಾರೆ ಪಿಸಿ ಜೋಡಿಸಿದ್ದೇನೆ, ಡಿಸ್‌ಪ್ಲೇ ಬರ್ತಾ ಇಲ್ಲ. ಎರಡು ದಿನದಿಂದ ಅದರ ಮುಂದೇ ಕೂತಿದ್ದೇನೆ.

ಸಾಮಾನು ಇಷ್ಟು: ರೈಜನ್ 5 7600 (ಅದರ ಡಬ್ಬಿಯಲ್ಲೇ ಬಂದ ಕೂಲರ್), ಬಿ650 ಮದರ್‌ಬೋರ್ಡ್, ಡಿಡಿಆರ್5 6000 ವೇಗದ 16 ಜಿಬಿ ರ‍್ಯಾಮ್ ಸ್ಟಿಕ್ ಎರಡು, ಸ್ಟೋರೇಜಿಗೆ 1 ಟಿಬಿ ಎನ್‌ವಿಎಂಇ, 550 ವ್ಯಾಟಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕಿಲ್ಲ, ಎಚ್‌ಡಿಎಂಐ ಕೇಬಲ್ ಬೋರ್ಡಿಗೇ ಹಾಕಿದ್ದೇನೆ. ಎಲ್ಲವನ್ನೂ ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದೇ ದಿನ ತಂದದ್ದು. ರಾತ್ರಿ ಬಸ್ಸಿನಲ್ಲಿ ಮದರ್‌ಬೋರ್ಡ್ ಡಬ್ಬಿಯನ್ನು ತೊಡೆ ಮೇಲೇ ಇಟ್ಟುಕೊಂಡು ಬಂದೆ.

ಆನ್ ಮಾಡಿದರೆ ಫ್ಯಾನ್ ಎಲ್ಲ ತಿರುಗುತ್ತವೆ, ಮಾನಿಟರಿನಲ್ಲಿ ‘ನೋ ಸಿಗ್ನಲ್’. ಬೋರ್ಡಿನ ಮೂಲೆಯಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ದೀಪಗಳಿವೆ. ಡಿರ‍್ಯಾಮ್‌ನದು ಹಳದಿಯಾಗಿ ಉರಿಯುತ್ತಲೇ ಇರುತ್ತೆ. ಅರ್ಧ ನಿಮಿಷ ಕಾಯೋದು, ಆಫ್ ಮಾಡೋದು, ಮತ್ತೆ ಆನ್. ಹೀಗೆ ಇಪ್ಪತ್ತು ಸಲವಾದರೂ ಮಾಡಿದ್ದೇನೆ. ರ‍್ಯಾಮ್ ಸುಟ್ಟಿದೆಯಾ?

ನಮ್ಮ ಕಡೆಯ ತಾಳಮದ್ದಳೆಗಳನ್ನು ನಾಲ್ಕು ವರ್ಷದಿಂದ ರೆಕಾರ್ಡ್ ಮಾಡುತ್ತಾ ಬಂದಿದ್ದೇನೆ. ಇಡೀ ರಾತ್ರಿಯ ವಿಡಿಯೊಗಳು ಹಳೇ ಲ್ಯಾಪ್‌ಟಾಪಿನಲ್ಲಿ ತೆರೆಯುವುದೇ ಇಲ್ಲ. ಅದಕ್ಕಾಗಿಯೇ ದುಡ್ಡು ಕೂಡಿಸಿ ಈ ಪಿಸಿ ಮಾಡಿದ್ದು.

ಬೆಸುಗೆ (ಮೈಸೂರು):

ಗಾಬರಿ ಆಗಬೇಡಿ. ನೀವು ಬರೆದಿರೋದನ್ನು ನೋಡಿದರೆ ಏನೂ ಸುಟ್ಟ ಹಾಗಿಲ್ಲ. ಎರಡು ವಿಷಯ ಹೇಳಿ: ಸ್ಟಿಕ್‌ಗಳು ಯಾವ ಸ್ಲಾಟಿನಲ್ಲಿವೆ? ಒಮ್ಮೆಯಾದರೂ ಹತ್ತು ಹದಿನೈದು ನಿಮಿಷ ಮುಟ್ಟದೆ ಬಿಟ್ಟಿದ್ದೀರಾ?

ಕೇಳೋದಕ್ಕೆ ಕಾರಣ ಇದೆ. ಎಎಂ5 (ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್ಟಿನ ಮಾದರಿ) ಬೋರ್ಡುಗಳಲ್ಲಿ ಮೊದಲ ಸಲ ಕರೆಂಟ್ ಕೊಟ್ಟಾಗ ಮೆಮೊರಿ ಟ್ರೈನಿಂಗ್ ನಡೆಯುತ್ತೆ. ಪ್ರೊಸೆಸರಿನಿಂದ ರ‍್ಯಾಮಿಗೆ ಹೋಗುವ ಒಂದೊಂದು ಗೆರೆಯಲ್ಲೂ ಸಿಗ್ನಲ್ ಯಾವ ಕ್ಷಣಕ್ಕೆ ಸರಿಯಾಗಿ ತಲುಪುತ್ತೆ ಅಂತ ಬೋರ್ಡು ತಾನೇ ಅಳೆದು ಹೊಂದಿಸಿಕೊಳ್ಳುತ್ತೆ. ಅಷ್ಟು ಹೊತ್ತೂ ಪರದೆ ಕಪ್ಪು, ಡಿರ‍್ಯಾಮ್ ದೀಪ ಉರಿಯುತ್ತಲೇ ಇರುತ್ತೆ. 32 ಜಿಬಿ ಇದ್ದರೆ ಹಲವು ನಿಮಿಷ ಹಿಡಿಯಬಹುದು. ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು. ನೀವು ಇಪ್ಪತ್ತು ಸಲವೂ ಅರ್ಧಕ್ಕೇ ನಿಲ್ಲಿಸಿದ್ದೀರಿ.

ಸ್ಲಾಟಿನ ವಿಷಯ: ಎರಡೇ ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2ನೆಯದು ಮತ್ತು 4ನೆಯದು, ಅಂದರೆ ಎ2, ಬಿ2. ಗೆರೆಯ ಕೊನೆಯ ಸ್ಲಾಟ್ ಖಾಲಿ ಬಿಟ್ಟರೆ ಆ ಉಳಿದ ತುಂಡಿನಿಂದ ಸಿಗ್ನಲ್ ವಾಪಸ್ ಬಡಿದು ಗೊಂದಲವಾಗುತ್ತೆ. ಡಿಡಿಆರ್5ನ ವೇಗದಲ್ಲಿ ಇದನ್ನು ಕಡೆಗಣಿಸೋ ಹಾಗಿಲ್ಲ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿ, ಆಮೇಲೆ ಸ್ಟಿಕ್ ಬದಲಿಸಿ. ‘ಟಕ್’ ಅಂತ ಕೇಳೋವರೆಗೆ ಒತ್ತಬೇಕು.

ಹೊಳೆಬದಿ:

ಮೇಡಂ, ನಾನು ಹಾಕಿದ್ದು 1 ಮತ್ತು 2ರಲ್ಲಿ, ಅಕ್ಕಪಕ್ಕ. ಈಗ ಎ2, ಬಿ2ಕ್ಕೆ ಬದಲಿಸಿದೆ. ಆನ್ ಮಾಡಿ ಊಟಕ್ಕೆ ಹೋದೆ. 25 ನಿಮಿಷ ಬಿಟ್ಟು ಬಂದು ನೋಡಿದರೂ ಡಿರ‍್ಯಾಮ್ ದೀಪ ಹಾಗೇ ಇದೆ.

ಇನ್ನೊಂದು ಸಂಗತಿ, ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತೆ.

ರಿಪೇರಿಮನೆ (ಹುಬ್ಬಳ್ಳಿ):

ತಮ್ಮಾ, ಡಿಸ್‌ಪ್ಲೇ ಆಮ್ಯಾಲ ನೋಡೂಣು. ಮೊದ್ಲ ಆ ಜುಮ್ ಅನ್ನೂದನ್ನ ಸರಿ ಮಾಡ್ರಿ. ನಿಮ್ಮ ಸಾಕೆಟ್ಟಿಗೆ ಅರ್ಥಿಂಗ್ ಸಿಗವಲ್ದು.

ಎಸ್‌ಎಂಪಿಎಸ್ ಒಳಗ ಫೇಸಿನಿಂದ ಬಾಡಿಗೊಂದು, ನ್ಯೂಟ್ರಲ್‌ನಿಂದ ಬಾಡಿಗೊಂದು ಸಣ್ಣ ಕೆಪಾಸಿಟರ್ ಇರ್ತಾವ, ನಾಯ್ಸ್ ಹೀರಾಕ. ಅರ್ಥ್ ಇದ್ರ ಆ ಚೂರು ಕರೆಂಟ್ ನೆಲಕ್ಕ ಹೋಗತೈತಿ. ಇಲ್ಲಂದ್ರ ಇಡೀ ಕ್ಯಾಬಿನೆಟ್ಟು 230ರ ಅರ್ಧಕ್ಕ, ಅಂದ್ರ 115 ವೋಲ್ಟಿನ ಸುತ್ತಮುತ್ತ ನಿಂತಬಿಡತೈತಿ. ಆಂಪಿಯರ್ ಭಾಳ ಕಡಿಮಿ, ಅದಕ್ಕ ಬರೇ ಜುಮ್ ಅಂತೈತಿ. ಆದ್ರ ನಾಳೆ ಒಳಗಿನ ಫೇಸ್ ವೈರ್ ಬಾಡಿಗಿ ತಾಗಿದ್ರ ಫ್ಯೂಸ್ ಹಾರಂಗಿಲ್ಲ, ಮುಟ್ಟಿದಾವರ ಜೀವಕ್ಕ ಬರತೈತಿ. ಮನ್ಯಾಗ ಸಣ್ಣ ಹುಡುಗರಿದ್ರ ಅಂತೂ ಇವತ್ತ ಸರಿ ಮಾಡಸ್ರಿ. ಇಲೆಕ್ಟ್ರಿಷಿಯನ್ನರನ್ನ ಕರಸಿ ಫೇಸ್–ಅರ್ಥ್ ನಡುವ 230ರ ಆಜೂಬಾಜೂ ಬರತೈತೇನು, ನ್ಯೂಟ್ರಲ್–ಅರ್ಥ್ ನಡುವ ಒಂದೆರಡು ವೋಲ್ಟಿನ ಒಳಗ ಐತೇನು ನೋಡಾಕ ಹೇಳ್ರಿ.

ಅದಾದ ಮ್ಯಾಲ ರ‍್ಯಾಮ್ ಒಂದೊಂದ ಹಾಕಿ ನೋಡ್ರಿ. ಸ್ಟಿಕ್ಕಿಗೆ 1, 2 ಅಂತ ಚೀಟಿ ಅಂಟಸ್ರಿ. 1ನೇದು ಎ2ದಾಗ, 2ನೇದು ಎ2ದಾಗ, ಆಮ್ಯಾಲ ಎರಡೂ ಒಂದೊಂದಾಗಿ ಬಿ2ದಾಗ. ಪ್ರತಿ ಸಲ ಹತ್ತು ನಿಮಿಷ ಕಾಯ್ರಿ. ನಾಕೂ ಸಲ ಏನಾತು ಬರೀರಿ, ಒಂದೂ ಬಿಡಬ್ಯಾಡ್ರಿ.

ಕಾಫಿಪುಡಿ (ಮೂಡಿಗೆರೆ):

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ನನಗೂ ಡಿಸ್‌ಪ್ಲೇ ಇಲ್ಲ. ರೈಜನ್ 5 7500ಎಫ್, ಗ್ರಾಫಿಕ್ಸ್ ಕಾರ್ಡ್ ಇದೆ. ಉರಿಯುವ ದೀಪ ಒಂದೂ ಇಲ್ಲ. ಎಚ್‌ಡಿಎಂಐ ಬೋರ್ಡಿನಲ್ಲಿದೆ.

ಬೆಸುಗೆ:

7500ಎಫ್‌ನ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕೊನೆಯ ‘ಎಫ್’ ಅಂದರೆ ಅದೇ. ಕೇಬಲ್ ಕಾರ್ಡಿಗೆ ಹಾಕಿ. ಕಾರ್ಡಿಗೆ ಪ್ರತ್ಯೇಕ ಪವರ್ ಸಾಕೆಟ್ ಇದ್ದರೆ ಅದಕ್ಕೂ ವೈರ್ ಕೊಟ್ಟಿದ್ದೀರಾ ನೋಡಿಕೊಳ್ಳಿ.

ಕಾಫಿಪುಡಿ:

ಬಂತು! ತುಂಬಾ ಧನ್ಯವಾದ.

ಹೊಳೆಬದಿ:

ಅರ್ಥಿಂಗ್ ಸರಿಯಾಯಿತು ಅಣ್ಣ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ಚೆನ್ನಾಗಿಯೇ ಇತ್ತು. ನಾನು ಬಳಸುತ್ತಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ ಬಿಚ್ಚಿದರೆ ಹಸಿರು ವೈರನ್ನು ಯಾರೋ ಬುಡದಲ್ಲೇ ಕತ್ತರಿಸಿ ಟೇಪ್ ಸುತ್ತಿದ್ದಾರೆ. ಹೊಸ ಬೋರ್ಡ್ ತಂದೆವು. ಇಲೆಕ್ಟ್ರಿಷಿಯನ್ ಅಳೆದಾಗ ಫೇಸ್–ಅರ್ಥ್ 228 ವೋಲ್ಟ್. ಜುಮ್ ಅನ್ನೋದು ಪೂರ್ತಿ ನಿಂತಿದೆ. ಆ ಎಕ್ಸ್‌ಟೆನ್ಷನ್ನಿನಲ್ಲೇ ಅಮ್ಮನ ಮಿಕ್ಸಿಯೂ ಓಡುತ್ತಿತ್ತು, ನೆನೆಸಿಕೊಂಡರೆ ಎದೆ ಧಸಕ್ ಅನ್ನುತ್ತೆ.

ರ‍್ಯಾಮ್ ಪರೀಕ್ಷೆ: 1ನೆಯದು ಎ2ರಲ್ಲಿ ಹಾಕಿದಾಗ ಮೂರು ನಿಮಿಷಕ್ಕೆ ಬಯೋಸ್ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಬಂತು! 2ನೆಯದು ಎ2ರಲ್ಲಿ, ಅದೂ ಬಂತು. 1ನೆಯದು ಬಿ2ರಲ್ಲಿ ಇಲ್ಲ. 2ನೆಯದು ಬಿ2ರಲ್ಲಿ ಇಲ್ಲ. ಅಂದರೆ ಬಿ2 ಸ್ಲಾಟೇ ಹಾಳಾಗಿದೆಯಾ? ಬೋರ್ಡ್ ವಾಪಸ್ ಕೊಡಲಾ?

ರಿಪೇರಿಮನೆ:

ಇನ್ನೂ ಕೊಡಬ್ಯಾಡ್ರಿ. ಎರಡೂ ಸ್ಟಿಕ್ ಗಟ್ಟಿಮುಟ್ಟ ಅದಾವ ಅಂತ ಗೊತ್ತಾತು. ಬಿ ಚಾನೆಲ್, ಅಂದ್ರ ಬಿ ಸ್ಲಾಟಿಗೆ ಹೋಗೂ ಗೆರಿ, ಅಷ್ಟ ಸಿಗವಲ್ದು. ಮೆಮೊರಿ ಕಂಟ್ರೋಲರ್ ಇರೂದು ಬೋರ್ಡಿನ್ಯಾಗಲ್ಲ, ಪ್ರೊಸೆಸರ್ ಒಳಗ. ಸ್ಲಾಟಿನ ಗೆರಿ ಎಲ್ಲಾ ಸಾಕೆಟ್ ಪಿನ್ ಹಾಯ್ದ ಪ್ರೊಸೆಸರಿಗೆ ಮುಟ್ಟತಾವ. ಎಎಂ5ದಾಗ 1718 ಪಿನ್ ಅದಾವ, ಪ್ರೊಸೆಸರಿಗಲ್ಲ, ಸಾಕೆಟ್ಟಿಗೇ. ಸ್ಪ್ರಿಂಗ್ ಇದ್ದಂಗ ಸಣ್ಣ ಸಣ್ಣ ತಂತಿ. ಮ್ಯಾಲಿನ ಒತ್ತಡ ಒಂದ ಕಡೆ ಹೆಚ್ಚಾಗಿ ಇನ್ನೊಂದ ಕಡೆ ಕಡಿಮಿ ಆದ್ರ ಒಂದೆರಡ ಪಿನ್ ಸರಿಯಾಗಿ ತಾಗಂಗಿಲ್ಲ. ಆ ಪಿನ್ನು ಬಿ ಚಾನೆಲ್ಲಿಂದ ಆಗಿದ್ರ ನಿಮ್ಮ ಗತಿನ ಆಗತೈತಿ. ಇಂಥಾವು ನನ್ನ ಬೆಂಚಿಗೆ ಬಂದಾವ.

ಕೂಲರಿನ ನಾಕು ಸ್ಕ್ರೂ ಹೆಂಗ ಬಿಗದ್ರಿ?

ಹೊಳೆಬದಿ:

ಒಂದು ಮೂಲೆಯದನ್ನು ಪೂರ್ತಿ ಬಿಗಿದು, ಆಮೇಲೆ ಪಕ್ಕದ್ದು, ಹಾಗೇ ಸುತ್ತಿಕೊಂಡು ಬಂದೆ. ಕೊನೆಯದು ಕೂರಲಿಲ್ಲ, ಸ್ಕ್ರೂಡ್ರೈವರ್ ಮೇಲೆ ಭಾರ ಹಾಕಿ ತಿರುಗಿಸಿದೆ.

ರಿಪೇರಿಮನೆ:

ಅಲ್ಲೇ ಐತಿ ನೋಡ್ರಿ. ಜೀಪಿಗೆ ಸ್ಟೆಪ್ನಿ ಹಾಕೋವಾಗ ನಟ್ ಹೆಂಗ ಬಿಗೀತೀರಿ? ಒಂದು, ಅದರ ಎದರಿಂದು. ಇಲ್ಲೂ ಹಂಗ.

ಪ್ಲಗ್ ಕೀಳ್ರಿ. ನಾಕೂ ಸ್ಕ್ರೂ ಮೂಲಿ ಮೂಲಿ ಎದುರಾ ಬದರಾ ಸ್ವಲ್ಪ ಸ್ವಲ್ಪ ಸಡ್ಲ ಮಾಡ್ರಿ. ಕೂಲರ್ ಎತ್ತಿ ಜಗ್ಗಬ್ಯಾಡ್ರಿ, ಆ ಕಡೆ ಈ ಕಡೆ ಹೊಳ್ಳಿಸಿ ಬಿಡಸ್ರಿ. ಲೋಹದ ಚೌಕಟ್ಟು ತಗದು ಪ್ರೊಸೆಸರ್‌ನ ಅಂಚು ಹಿಡದ ನೆಟ್ಟಗ ಎತ್ರಿ. ಟಾರ್ಚ್ ಓರೆ ಹಿಡದ, ಫೋನ್ ಕ್ಯಾಮೆರಾ ಝೂಮ್ ಮಾಡಿ ಪಿನ್ ನೋಡ್ರಿ. ಎಲ್ಲಾ ಒಂದ ಸಾಲಿನ್ಯಾಗ ಹೊಳೀಬೇಕು. ಒಂದ ಬ್ಯಾರೆ ದಿಕ್ಕಿಗೆ ಹೊಳದ್ರ ಅದು ಬಾಗೇತಿ, ಮುಟ್ಟಬ್ಯಾಡ್ರಿ, ಫೋಟೋ ಹಾಕ್ರಿ.

ಹೊಳೆಬದಿ:

ಮಾಡಿದೆ. ಕೂಲರ್ ತಿರುವಿ ನೋಡಿದಾಗ ಎಲ್ಲ ಅರ್ಥವಾಯಿತು. ಶಾಖ ದಾಟಿಸುವ ಪೇಸ್ಟ್ ಒಂದು ಮೂಲೆಯಲ್ಲಿ ತಾಮ್ರವೋ ಅಲ್ಯೂಮಿನಿಯಮ್ಮೋ, ಬರೀ ಲೋಹ ಕಾಣುವಷ್ಟು ತೆಳುವಾಗಿ ಹಿಂಡಿಹೋಗಿದೆ. ಅದರ ಎದುರಿನ ಮೂಲೆಯಲ್ಲಿ ದೋಸೆಯ ನಡು ಇದ್ದ ಹಾಗೆ ದಪ್ಪ, ಅಂಗಡಿಯಿಂದ ಬರುವಾಗ ಇದ್ದ ಅಚ್ಚಿನ ಗೆರೆ ಕೂಡ ಅಳಿಸಿಲ್ಲ. ಅಂದರೆ ಆ ಮೂಲೆಯಲ್ಲಿ ಕೂಲರ್ ಪ್ರೊಸೆಸರಿಗೆ ಕೂತೇ ಇರಲಿಲ್ಲ.

ಪಿನ್ನುಗಳನ್ನು ಅರ್ಧ ಗಂಟೆ ನೋಡಿದೆ. ಎಲ್ಲ ಒಂದೇ ಸಾಲು, ಒಂದೇ ಹೊಳಪು. ಫೋಟೋ ಹಾಕಿದ್ದೇನೆ, ನೀವೂ ನೋಡಿ.

ಬೆಸುಗೆ:

ಫೋಟೋ ದೊಡ್ಡದು ಮಾಡಿ ಸಾಲು ಸಾಲಾಗಿ ನೋಡಿದೆ. ಪಿನ್ ಸರಿಯಾಗಿವೆ, ಒಳ್ಳೇ ಸುದ್ದಿ. ಹಳೇ ಪೇಸ್ಟ್ ಮತ್ತೆ ಬಳಸಬೇಡಿ. ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿ. ಪ್ರೊಸೆಸರ್ ಅಂಚಿನ ಕಚ್ಚುಗಳಲ್ಲಿ ಕಾಣುವ ಚಿಕ್ಕ ಕೆಪಾಸಿಟರುಗಳ ಹತ್ತಿರ ಮೆತ್ತಗೆ. ಹೊಸ ಪೇಸ್ಟ್ ನಡುವಿನಲ್ಲಿ ಒಂದು ಬಟಾಣಿಯಷ್ಟು ಸಾಕು.

ತ್ರಿಕೋನದ ಗುರುತು ನೋಡಿ ಪ್ರೊಸೆಸರ್ ಕೂರಿಸಿ. ಕೂಲರ್ ಇಟ್ಟು ನಾಲ್ಕೂ ಸ್ಕ್ರೂ ಮೊದಲು ಎರಡೆರಡು ಸುತ್ತು ಮಾತ್ರ. ಆಮೇಲೆ ಎದುರೆದುರು ಮೂಲೆ, ಒಂದೊಂದಕ್ಕೂ ಒಂದೊಂದು ಸುತ್ತು. ಸ್ಕ್ರೂ ತಾನಾಗಿ ನಿಲ್ಲುವ ಜಾಗ ಬರುತ್ತೆ, ಅಲ್ಲಿಂದ ಮುಂದೆ ಬಲ ಹಾಕಬೇಡಿ.

ಹೊಳೆಬದಿ:

ಬಂತು!! ಎ2, ಬಿ2 ಎರಡೂ ಹಾಕಿ ಆನ್ ಮಾಡಿ, ಕೈ ಕಟ್ಟಿಕೊಂಡು ಕೂತೆ. ಐದನೇ ನಿಮಿಷಕ್ಕೆ ಬಯೋಸ್. 32 ಜಿಬಿ, ಡ್ಯುಯಲ್ ಚಾನೆಲ್. ಅಪ್ಪ ಅಮ್ಮ ಇಬ್ಬರನ್ನೂ ಎಬ್ಬಿಸಿ ತೋರಿಸಿದೆ.

ಆದರೆ ವೇಗ 4800 ಅಂತ ಬರ್ತಿದೆ. ನಾನು ತಂದದ್ದು 6000 ಅಲ್ಲವಾ? ಮತ್ತೆ ವಿಂಡೋಸ್ 11 ಹಾಕುವಾಗ ಇಂಟರ್‌ನೆಟ್ ಕೇಳ್ತಿದೆ, ಲ್ಯಾನ್ ಡ್ರೈವರ್ ಇಲ್ಲವಂತೆ.

ಬೆಸುಗೆ:

ಸ್ಟಿಕ್ಕಿನ ಮೂಲ ವೇಗ 4800, ಡಬ್ಬಿಯ ಮೇಲಿನ 6000 ಸಿಗಬೇಕಾದರೆ ಬಯೋಸ್‌ನಲ್ಲಿ ಎಕ್ಸ್‌ಪೋ ಪ್ರೊಫೈಲ್ (ಸ್ಟಿಕ್ಕಿನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಬೇಕು. ಮಾಡಿದ ತಕ್ಷಣ ಮತ್ತೊಮ್ಮೆ ಟ್ರೈನಿಂಗ್, ಮತ್ತೆ ಕಪ್ಪು ಪರದೆ, ಮತ್ತೆ ಕಾಯಬೇಕು. ವಿಂಡೋಸ್ ಹಾಕೋದಕ್ಕೆ ಮೊದಲು ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪೆನ್‌ಡ್ರೈವಿಗೆ ಹಾಕಿ ಒಂದು ರಾತ್ರಿ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ 5600ಕ್ಕೆ ಇಳಿಸಿ. ವರ್ಷಗಟ್ಟಲೆ ಕೂಡಿಟ್ಟ ರೆಕಾರ್ಡಿಂಗುಗಳು ಇದರ ಮೂಲಕ ಹಾಯಬೇಕು, ಚೂರು ವೇಗಕ್ಕಾಗಿ ಫೈಲ್ ಕೆಡಿಸಿಕೊಳ್ಳುವುದು ಬೇಡ.

ಇಂಟರ್‌ನೆಟ್ಟಿಗೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿಯಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಲ್ಯಾನ್ ಡ್ರೈವರನ್ನು ಆಮೇಲೆ ಬೋರ್ಡ್ ಕಂಪನಿಯ ಪುಟದಿಂದ ಇಳಿಸಿಕೊಂಡರಾಯಿತು. ಕನ್ನಡಕ್ಕೆ ಭಾಷೆ ಸೆಟ್ಟಿಂಗಿನಲ್ಲಿ ‘ಕನ್ನಡ ಫೊನೆಟಿಕ್’ ಕೀಬೋರ್ಡ್ ವಿಂಡೋಸ್‌ನಲ್ಲೇ ಇದೆ, ಬೇರೆ ಸಾಫ್ಟ್‌ವೇರ್ ಬೇಕಿಲ್ಲ.

ರಿಪೇರಿಮನೆ:

ಮಲೆನಾಡಿನ್ಯಾಗ ಅದೀರಿ, ಗುಡುಗು ಶುರು ಆದ್ರ ಪ್ಲಗ್ ಅಷ್ಟ ಅಲ್ಲ, ಲ್ಯಾನ್ ಕೇಬಲ್ಲೂ ಕೀಳ್ರಿ. ಕರೆಂಟಿನ ವೈರ್ ಬಿಟ್ಟು ಆ ಕೇಬಲ್ಲಿಂದ ಸಿಡ್ಲ ಹೊಕ್ಕು ಸುಟ್ಟ ಬೋರ್ಡು ಮಳಿಗಾಲದಾಗ ನನ್ನಂತ್ಯಾಕ ಬರ್ತಾನ ಇರ್ತಾವ.

ಹೊಳೆಬದಿ:

ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ತಪ್ಪು ಸೊನ್ನೆ. 6000ದಲ್ಲೇ ಇದೆ. ಟೆಥರಿಂಗ್‌ನಿಂದ ವಿಂಡೋಸ್ ಆಯಿತು. ಒಂದೇ ಉಳಿದಿದೆ: ಪ್ರತಿ ಸಲ ಆನ್ ಮಾಡಿದಾಗಲೂ ಲೋಗೋ ಬರೋಕೆ ಒಂದು ನಿಮಿಷದ ಹತ್ತಿರ ಹಿಡಿಯುತ್ತೆ.

ಬೆಸುಗೆ:

ಪ್ರತಿ ಸಲವೂ ಟ್ರೈನಿಂಗ್ ಮಾಡ್ತಿದೆ. ಬಯೋಸ್‌ನ ಮೆಮೊರಿ ಸೆಟ್ಟಿಂಗಿನಲ್ಲಿ ‘ಮೆಮೊರಿ ಕಾಂಟೆಕ್ಸ್ಟ್ ರೀಸ್ಟೋರ್’ ಆನ್ ಮಾಡಿ, ಹಿಂದಿನ ಅಳತೆಯನ್ನೇ ಉಳಿಸಿಕೊಂಡು ಬಳಸುತ್ತೆ. ಅದರ ಜೊತೆ ‘ಪವರ್ ಡೌನ್ ಎನೇಬಲ್’ ಕೂಡ ಆನ್ ಇರಲಿ. ಇಲ್ಲದಿದ್ದರೆ ಕೆಲವು ಬೋರ್ಡುಗಳಲ್ಲಿ ಮಧ್ಯೆ ಮಧ್ಯೆ ನೀಲಿ ಪರದೆ ಬರುತ್ತೆ.

ಹೊಳೆಬದಿ:

ಎರಡೂ ಆನ್ ಮಾಡಿದೆ. ಈಗ ಬಟನ್ ಒತ್ತಿ 18 ಸೆಕೆಂಡಿಗೆ ಲಾಗಿನ್. ಮೂರು ದಿನವಾಯಿತು, ಒಮ್ಮೆಯೂ ನಿಂತಿಲ್ಲ. ನಿನ್ನೆ ಸಂಜೆ, ಏಳು ಗಂಟೆ ಉದ್ದದ ಒಂದು ಪ್ರಸಂಗದ ವಿಡಿಯೊ ತೆರೆದೆ, ಟೈಮ್‌ಲೈನ್ ಎಲ್ಲಿ ಎಳೆದರೂ ತಡೆಯದೆ ಓಡುತ್ತೆ. ಭಾಗವತರ ಮೊದಲ ಪದದಿಂದ ಕತ್ತರಿಸಲು ಶುರು ಮಾಡಿದ್ದೇನೆ.