ಆಳಕಡಲ ಅಸಿಡಿಯನ್ನಿನ ‘ತುಟಿ’: ಸರಿಯಾದ ಪದ ಯಾವುದು?

ಆಳಕಡಲ ಜೀವಿಗಳ ಕುರಿತ ಬರಹವೊಂದಕ್ಕಾಗಿ ಮೆಗಲೊಡಿಕೋಪಿಯಾ ಹಿಯಾನ್ಸ್ ಎಂಬ ಅಸಿಡಿಯನ್ನಿನ, ಅಂದರೆ ಕಡಲತಳಕ್ಕೆ ಅಂಟಿಕೊಂಡು ಬದುಕುವ ಚೀಲದಂಥ ಮೈಯ ಪ್ರಾಣಿಯೊಂದರ, ಅಂಗರಚನೆಯನ್ನು ವಿವರಿಸುತ್ತಿದ್ದೇನೆ. ಜಪಾನಿನ ಪ್ರಾಣಿವಿಜ್ಞಾನಿ ಅಸಾಜಿರೊ ಓಕಾ 1918ರಲ್ಲಿ ಹೆಸರಿಸಿದ ಈ ಪ್ರಭೇದ ಕ್ಯಾಲಿಫೋರ್ನಿಯಾದ ಮಾಂಟೆರೆ ಕಡಲಕಣಿವೆಯಲ್ಲಿಯೂ ಇದೆ. ಇದರ ಮುಖ್ಯ ಅಂಗವೊಂದಕ್ಕೆ ಯಾವ ಪದ ಬಳಸಬೇಕೆಂಬುದು ನನ್ನ ಪ್ರಶ್ನೆ.

ಸಾಮಾನ್ಯ ಅಸಿಡಿಯನ್ನಿನ ಮೈಮೇಲೆ ಎರಡು ತೆರಪುಗಳಿರುತ್ತವೆ. ಒಂದರಿಂದ ನೀರು ಒಳಬರುತ್ತದೆ, ಇನ್ನೊಂದರಿಂದ ಹೊರಹೋಗುತ್ತದೆ. ಒಳಬಂದ ನೀರು ಕಿವಿರುಚೀಲದ ಗೋಡೆಯಲ್ಲಿರುವ ನೂರಾರು ಸಣ್ಣ ಸೀಳುಗಳ ಮೂಲಕ ಹಾಯುವಾಗ, ಅದರಲ್ಲಿದ್ದ ಆಹಾರದ ಕಣಗಳು ಲೋಳೆಯ ಪದರಕ್ಕೆ ಅಂಟಿ ಹೊಟ್ಟೆಗೆ ಸಾಗುತ್ತವೆ. ಸೀಳುಗಳ ಅಂಚಿನಲ್ಲಿರುವ ಲೋಮಾಂಗಗಳ, ಅಂದರೆ ಕೂದಲಿನಂಥ ಸೂಕ್ಷ್ಮ ಎಳೆಗಳ, ಬಡಿತವೇ ಈ ಹರಿವನ್ನು ನಡೆಸುತ್ತದೆ. ಮೆಗಲೊಡಿಕೋಪಿಯಾದಲ್ಲಿ ಈ ಏರ್ಪಾಡು ಬದಲಾಗಿದೆ. ನೀರು ಒಳಬರುವ ತೆರಪು ಅಗಲವಾಗಿ ಹಿಗ್ಗಿ, ಮೇಲೊಂದು ಕೆಳಗೊಂದು ಎಂಬಂತೆ ಎರಡು ದೊಡ್ಡ ಮಡಿಕೆಗಳಾಗಿದೆ. ಸೀಗಡಿಯಂಥ ಸಣ್ಣ ಕಠಿಣಚರ್ಮಿಯೊಂದು ಒಳಸೇರಿದರೆ ಅವು ಮುಚ್ಚಿಕೊಂಡು ಅದನ್ನು ಹಿಡಿಯುತ್ತವೆ. ನೀರಿನಲ್ಲಿ ತೇಲುವ ಕಣಗಳು ವಿರಳವಾಗಿರುವ ಆಳದಲ್ಲಿ ಸೋಸಿ ತಿನ್ನುವುದಕ್ಕಿಂತ ಹಿಡಿದು ತಿನ್ನುವುದೇ ಲಾಭಕರವಾಗಿರಬೇಕು. ಕಿವಿರುಚೀಲವೂ ಇದರಲ್ಲಿ ಕುಗ್ಗಿದೆ.

ಈ ಮಡಿಕೆಗಳನ್ನು ‘ತುಟಿ’ ಎಂದರೆ ಓದುಗರಿಗೆ ಥಟ್ಟನೆ ಚಿತ್ರ ಮೂಡುತ್ತದೆ ನಿಜ. ಆದರೂ ‘ಹಾಲೆ’ ಎಂಬ ಪದವೇ ಮೇಲೆಂದು ನನಗೆ ತೋರುತ್ತದೆ. ಇದೇ ಕುಟುಂಬಕ್ಕೆ ಹೆಸರು ಕೊಟ್ಟ ಆಕ್ಟಾಕ್ನೀಮಸ್ ಎಂಬ ಜಾತಿಯನ್ನು, ಬ್ರಿಟನ್ನಿನ ಕಡಲ ಸಂಶೋಧನಾ ಹಡಗು ಚಾಲೆಂಜರ್‌ನ ಯಾನದಲ್ಲಿ ಸಿಕ್ಕ ಮಾದರಿಯಿಂದ ಪ್ರಕೃತಿವಿಜ್ಞಾನಿ ಮೋಸ್ಲಿ 1876ರಲ್ಲಿ ವಿವರಿಸಿದರು. ಅದರಲ್ಲಿ ಅದೇ ತೆರಪಿನ ಸುತ್ತ ಎಂಟು ಚಾಚುಗಳಿವೆ, ಹೆಸರಿನ ಮೊದಲ ಭಾಗವೂ ಎಂಟನ್ನೇ ಸೂಚಿಸುತ್ತದೆ. ಎರಡಕ್ಕೆ ‘ತುಟಿ’ ಎಂದು ಎಂಟಕ್ಕೆ ಬೇರೊಂದು ಪದ ಬಳಸಿದರೆ, ಒಂದೇ ಅಂಗದ ಎರಡು ರೂಪಗಳು ಬೇರೆಬೇರೆ ಅಂಗಗಳಂತೆ ಕಾಣುತ್ತವೆ ಮತ್ತು ಇವೆರಡು ಜಾತಿಗಳನ್ನು ಒಂದೇ ಕುಟುಂಬದಲ್ಲಿ ಇರಿಸಿದ್ದೇಕೆಂಬುದು ಓದುಗರಿಗೆ ತಿಳಿಯದೆ ಹೋಗುತ್ತದೆ. ‘ಹಾಲೆ’ ಎರಡಕ್ಕೂ ಒಪ್ಪುತ್ತದೆ. ಮಿದುಳು, ಶ್ವಾಸಕೋಶಗಳ ವಿವರಣೆಯಲ್ಲಿ ಈಗಾಗಲೇ ರೂಢಿಯಲ್ಲಿದೆ.

‘ಕಿವಿರುಚೀಲ’ದ ಬದಲು ‘ಜರಡಿಚೀಲ’ ಎನ್ನಬಹುದೆಂಬ ಯೋಚನೆಯನ್ನು ಮಾತ್ರ ನಾನು ಕೈಬಿಟ್ಟಿದ್ದೇನೆ. ಅಸಿಡಿಯನ್ನುಗಳ ಮೂರು ಗಣಗಳಾದ ಅಪ್ಲೌಸೊಬ್ರಾಂಕಿಯಾ, ಫ್ಲೆಬೊಬ್ರಾಂಕಿಯಾ, ಸ್ಟೊಲಿಡೊಬ್ರಾಂಕಿಯಾ ಇವುಗಳ ಹೆಸರುಗಳಲ್ಲಿ ‘ಬ್ರಾಂಕಿಯಾ’ ಎಂದರೆ ಕಿವಿರೇ. ಚೀಲದ ಗೋಡೆ ಸರಳವೇ, ಒಳಮೈಯಲ್ಲಿ ಉದ್ದಕ್ಕೆ ರಕ್ತನಾಳಗಳಿವೆಯೇ, ಮಡಿಕೆಬಿದ್ದಿದೆಯೇ ಎಂಬುದನ್ನು ನೋಡಿಯೇ ಈ ವಿಂಗಡಣೆ ನಡೆದದ್ದು. ಮೆಗಲೊಡಿಕೋಪಿಯಾ ಇವುಗಳಲ್ಲಿ ಎರಡನೆಯ ಗಣಕ್ಕೆ ಸೇರಿದೆ. ಮೂರನೆಯ ಗಣದ ಆಳಕಡಲ ಜಾತಿಯಾದ ಕ್ಯೂಲಿಯೋಲಸ್‌ನ ಚೀಲದಲ್ಲಿ ದೊಡ್ಡ ತೂತುಗಳಿದ್ದರೂ ಲೋಮಾಂಗಗಳಿಲ್ಲ. ಅಂಗದ ಕೆಲಸ ಹೀಗೆ ಮಾರ್ಪಡುತ್ತಿರುವಾಗ, ಕೆಲಸವನ್ನೇ ಹಿಡಿದು ಹೆಸರಿಡುವುದು ಗೊಂದಲಕ್ಕೆ ದಾರಿಯಾಗುತ್ತದೆ.

ಇನ್ನೂ ಬಗೆಹರಿಯದೆ ಉಳಿದಿರುವುದು ತೆರಪಿನ ಹೆಸರು. ‘ಒಳಹರಿವಿನ ನಾಳ’ ಎಂದು ಬರೆದಿದ್ದೆ. ಆದರೆ ಫ್ಲೆಬೊಬ್ರಾಂಕಿಯಾವನ್ನು ವಿವರಿಸುವಾಗ ಅದೇ ವಾಕ್ಯದಲ್ಲಿ ‘ರಕ್ತನಾಳ’ವೂ ಬರುತ್ತದೆ. ಇಂಗ್ಲಿಷಿನಲ್ಲಿ ಈ ತೆರಪಿಗಿರುವ ‘ಸೈಫನ್’ ಎಂಬ ಹೆಸರನ್ನೇ ಇಟ್ಟುಕೊಂಡರೆ, ಭೌತವಿಜ್ಞಾನದಲ್ಲಿ ಎತ್ತರದ ಪಾತ್ರೆಯಿಂದ ದ್ರವವನ್ನು ಕೆಳಗಿಳಿಸುವ ಬಾಗಿದ ಕೊಳವೆಯನ್ನು ಓದುಗರು ನೆನೆಯುತ್ತಾರೆ. ಇಲ್ಲಿ ನಡೆಯುವುದು ಆ ಕ್ರಿಯೆಯಲ್ಲ. ‘ಒಳಗೊಳವೆ’, ‘ಹೊರಗೊಳವೆ’ ಎಂಬ ಜೋಡಿ ಚಿಕ್ಕದಾಗಿದೆ, ಆದರೆ ‘ಒಳಗೊಳವೆ’ಯನ್ನು ದೇಹದ ಒಳಗಿರುವ ಕೊಳವೆಯೆಂದು ಓದುವ ಅಪಾಯವಿದೆ. ಮೃದ್ವಂಗಿಗಳ ಇಂಥದೇ ಅಂಗಕ್ಕೆ ಪ್ರಾಣಿಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ನೆಲೆನಿಂತ ಪದವಿದ್ದರೆ, ಅದನ್ನು ಇಲ್ಲಿಗೂ ಒಗ್ಗಿಸಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.