ಬಾಲಕ್ಕೊಂದು ದೃಷ್ಟಿಬೊಟ್ಟು

ಪುಟ್ಟ, ನೀನು ಬೆಳಿಗ್ಗೆ ಹಾಕಿದ ಫೋಟೊ ನೋಡಿದೆ. ನಿಮ್ಮ ತೋಟದ ಕೆರೆಯ ಕೊರವ ಮೀನಿಗೆಂದು, ಗಾಳಕ್ಕೆ ಸಿಕ್ಕಿಸಲು ತರಿಸಿದ ಪ್ಲಾಸ್ಟಿಕ್ ಹುಳುಗಳು, ಪಕ್ಕದಲ್ಲಿ ನಿನ್ನ ಅಕ್ಕನ ಉಗುರುಬಣ್ಣದ ಮೂರು ಶೀಷೆಗಳು. "ದೊಡ್ಡಮ್ಮ, ಅಮೆರಿಕದಲ್ಲಿ ಅಣ್ಣನ ಹುಳುಗಳಿಗೆ ನೀವೇ ಬಣ್ಣ ಹಚ್ಚುತ್ತಿದ್ದಿರಂತೆ, ಇದು ನಡೆಯುತ್ತದೆಯೇ?" ಎಂದು ಕೇಳಿದ್ದೀಯೆ. ನಡೆಯುವುದಿಲ್ಲ. ಶೀಷೆಗಳನ್ನು ಮೊದಲು ಅಕ್ಕನಿಗೆ ಹಿಂತಿರುಗಿಸು, ಉಳಿದದ್ದನ್ನು ಹೇಳುತ್ತೇನೆ. ಒಂದೊಂದೇ ಅಕ್ಷರ ಒತ್ತಿ ಬರೆಯುವ ತಾಳ್ಮೆ ನನಗಿಲ್ಲ, ಮಾತನಾಡಿಯೇ ಕಳುಹಿಸುತ್ತಿದ್ದೇನೆ. ಗುಂಪಿನಲ್ಲಿ ಮೀನಿನ ಮಾತು ಬೇಡವಾದವರು ಇಲ್ಲಿಗೇ ನಿಲ್ಲಿಸಿ ಅಡುಗೆ ನೋಡಿಕೊಳ್ಳಿ.

ಸೊಸೆಯ ಬಾಣಂತನಕ್ಕೆಂದು ಡಲ್ಲಾಸ್‌ಗೆ ಹೋಗಿದ್ದೆನಲ್ಲ, ಆಗಿನ ಮಾತು. ಮಧ್ಯಾಹ್ನ ಮಗು ಮಲಗಿದರೆ ಆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಒಂದು ದಿನ ಕಾರು ನಿಲ್ಲಿಸುವ ಕೋಣೆಗೆ ಹೋದವಳು ಮೇಜಿನ ಮೇಲಿದ್ದ ಡಬ್ಬಿ ತೆರೆದು ಕಿರುಚಿಕೊಂಡೆ. ಒಳಗೆ ಸಾಲಾಗಿ ಮಲಗಿದ ಹುಳುಗಳು, ಬೆರಳುದ್ದದವು, ಎಣ್ಣೆ ಸವರಿದ ಹಾಗೆ ಹೊಳೆಯುವವು. ನಿನ್ನ ಅಣ್ಣ ಓಡಿಬಂದು ನಕ್ಕ. ಬಾಸ್ ಮೀನಿಗೆ ಹಾಕುವ ಎರೆಯಂತೆ. ಅವುಗಳ ಬಾಲಕ್ಕೆ ಅವನು ಬಣ್ಣ ಬಳಿದಿದ್ದ ರೀತಿ ನೋಡಿದೆ. ಹಾಸನದಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದವಳ ಕಣ್ಣಿಗೆ ಅದು ಸಹಿಸಲಾಗಲಿಲ್ಲ. ಬಣ್ಣದ ಪೆನ್ನನ್ನು ಅವನ ಕೈಯಿಂದ ಕಸಿದುಕೊಂಡೆ. ಆರು ತಿಂಗಳು ಹಿಂತಿರುಗಿ ಕೊಡಲಿಲ್ಲ.

ಲಾರ್ಜ್‌ಮೌತ್ ಬಾಸ್ ಎಂದರೆ ಹೆಸರಿಗೆ ತಕ್ಕ ಬಾಯಿ, ದವಡೆ ಕಣ್ಣಿನಾಚೆಗೂ ಸೀಳಿಕೊಂಡಿರುತ್ತದೆ. ಬುದ್ಧಿಯಲ್ಲಿ ನಮ್ಮ ಕೊರವನ ದಾಯಾದಿ. ಜೊಂಡಿನ ಮರೆಯಲ್ಲಿ, ಮುಳುಗಿದ ಮರದ ಬುಡದಲ್ಲಿ ಕದಲದೆ ನಿಂತು ಹತ್ತಿರ ಬಂದದ್ದನ್ನು ಒಂದೇ ಏಟಿಗೆ ನುಂಗುವ ಜಾತಿ. ದಾಖಲೆಯ ಬಾಸ್ 1932ರಲ್ಲಿ ಜಾರ್ಜಿಯಾದಲ್ಲಿ ಸಿಕ್ಕಿದ್ದು ಹತ್ತು ಕಿಲೊ ತೂಗಿತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಮನಾದುದು ಸಿಕ್ಕಿತು. ನಿನ್ನ ಅಣ್ಣನಿಗೆ ಸಿಗುತ್ತಿದ್ದವು ಒಂದು, ಒಂದೂವರೆ ಕಿಲೊ. ಹಿಡಿದು, ತೂಗಿ, ಫೋಟೊ ತೆಗೆದು ಮತ್ತೆ ನೀರಿಗೆ ಬಿಡುತ್ತಿದ್ದ. ಮುದ್ದೆಯ ಜೊತೆಗೆ ಸಾರಾಗದ ಮೀನಿಗೆ ಇಷ್ಟೆಲ್ಲ ಶೃಂಗಾರವೇ ಎಂದು ಮೊದಲ ವಾರ ನನಗೆ ಹೊಟ್ಟೆ ಉರಿಯಿತು. ಆಮೇಲೆ ಶೃಂಗಾರದಲ್ಲಿಯೇ ರುಚಿ ಹತ್ತಿತು.

ಉಗುರುಬಣ್ಣ ಏಕೆ ಬೇಡ ಎನ್ನುತ್ತೀಯಾ? ನಾನೂ ಮೊದಲು ಅದನ್ನೇ ಹಚ್ಚಿದ್ದೆ, ಸೊಸೆಯ ಕಿತ್ತಳೆ ಬಣ್ಣ. ಒಣಗಿದ ಮೇಲೆ ನೋಡಲು ಅಂದವಾಗಿತ್ತು. ಹುಳುವನ್ನು ಒಮ್ಮೆ ಬಾಗಿಸಿದೆ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು. ಈ ಹುಳು ಪಿವಿಸಿ ಪ್ಲಾಸ್ಟಿಕ್, ಮೆತ್ತಗಾಗಲೆಂದು ಒಳಗೆ ಎಣ್ಣೆಯಂಥ ದ್ರವ ಸೇರಿಸಿರುತ್ತಾರೆ. ಆ ದ್ರವ ಸದಾ ಹೊರಕ್ಕೆ ಜಿನುಗುತ್ತಲೇ ಇರುತ್ತದೆ. ಅದರ ಮೇಲೆ ಕೂರುವ ಬಣ್ಣ ಯಾವುದೂ ನಿಲ್ಲದು, ಪೋಸ್ಟರ್ ಬಣ್ಣವೂ ಅಷ್ಟೇ, ಅಕ್ರಿಲಿಕ್ ಕೂಡ ಅಷ್ಟೇ. ಒಳಕ್ಕೆ ಇಳಿಯುವ ಬಣ್ಣ ಬೇಕು. ಅದಕ್ಕೆಂದೇ ಮಾಡಿದ ಡೈ ಇದೆ, ಪೆನ್ನಿನ ರೂಪದಲ್ಲಿಯೂ ಇದೆ, ಅದ್ದುವ ಶೀಷೆಯಲ್ಲಿಯೂ ಇದೆ. ಗೋಡೆಗೆ ಸುಣ್ಣ ಬಳಿಯುವುದಕ್ಕೂ ಅಂಗೈಗೆ ಗೋರಂಟಿ ಹಚ್ಚುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಕೆಲವು ಶೀಷೆಗಳಿಗೆ ಬೆಳ್ಳುಳ್ಳಿಯ ವಾಸನೆ ಬೇರೆ ಸೇರಿಸಿರುತ್ತಾರೆ, ಮುಚ್ಚಳ ತೆಗೆದರೆ ಯಾರೋ ಒಗ್ಗರಣೆ ಹಾಕಿ ಮರೆತುಹೋದ ಹಾಗೆ.

ಇನ್ನೊಂದು ವಿಷಯ, ಇದನ್ನು ಚಿತ್ರಕಲೆಯ ಪಾಠವೆಂದೇ ಕೇಳು. ಡೈ ಜಲವರ್ಣವಿದ್ದ ಹಾಗೆ, ಪಾರದರ್ಶಕ. ತಿಳಿ ಬಣ್ಣದ ಮೇಲೆ ಗಾಢವಾದುದು ಏರುತ್ತದೆ, ಗಾಢದ ಮೇಲೆ ತಿಳಿಯಾದುದು ಏರುವುದಿಲ್ಲ. ನೀನು ಕೊಂಡಿರುವ ಕಪ್ಪು ಹುಳುಗಳ ಮೇಲೆ ಯಾವ ಹಳದಿಯನ್ನು ಬಳಿದರೂ ದಂಡ. ಬಾಡಿದ ಕುಂಬಳಬಳ್ಳಿಯ ಹಸಿರಿನವು ಇವೆಯಲ್ಲ, ಅಂಗಡಿಯವರು ಗ್ರೀನ್ ಪಂಪ್ಕಿನ್ ಎನ್ನುವವು, ಅವನ್ನು ತೆಗೆದುಕೋ. ಅದರ ಬಾಲದ ತುದಿಗೆ ಚಾರ್ಟ್ರೂಸ್ ಏರಿಸುವುದೇ ಅಲ್ಲಿಯವರ ಮೆಚ್ಚಿನ ಕೈಚಳಕ. ಚಾರ್ಟ್ರೂಸ್ ಎಂದರೆ ಗಾಬರಿಯಾಗಬೇಡ, ರಾತ್ರಿ ರಸ್ತೆ ಕೆಲಸ ಮಾಡುವವರ ಜಾಕೆಟ್ಟಿನ ಹಳದಿಹಸಿರು.

ಹಚ್ಚುವ ಕ್ರಮ ದೊಡ್ಡ ವಿದ್ಯೆಯಲ್ಲ. ಹುಳುವಿನ ಮೇಲಿನ ಎಣ್ಣೆ, ಉಪ್ಪು ಹೋಗುವ ಹಾಗೆ ಟಿಶ್ಯೂ ಕಾಗದದಿಂದ ಒರೆಸು. ತುದಿಯ ಅರ್ಧ ಅಂಗುಲವನ್ನಷ್ಟೇ ಶೀಷೆಯಲ್ಲಿ ಅದ್ದಿ, ಒಂದು ಎರಡು ಎನ್ನುವುದರೊಳಗೆ ತೆಗೆ. ತೊಟ್ಟಿಕ್ಕುವುದು ನಿಲ್ಲುವ ತನಕ ಹಿಡಿದುಕೊಂಡಿರು, ಆಮೇಲೆ ಹಳೆಯ ಪತ್ರಿಕೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡು. ಪೂರ್ತಿ ಒಣಗದೆ ಪೊಟ್ಟಣಕ್ಕೆ ಸೇರಿಸಿದರೆ ಎಲ್ಲವೂ ಹೋಳಿ ಆಡಿ ಎದ್ದುಬರುತ್ತವೆ. ಒಣಗಿದ ಮೇಲೂ ಒಂದೊಂದು ಬಣ್ಣದ್ದನ್ನು ಒಂದೊಂದು ಪೊಟ್ಟಣದಲ್ಲಿಯೇ ಇಡಬೇಕು, ಕೆಂಪು ಹುಳು ಬಿಳಿಯ ಹುಳುವಿನ ಪಕ್ಕ ನಾಲ್ಕು ದಿನ ಮಲಗಿದರೆ ಬಿಳಿಯದರ ಮೈಯೂ ಕೆಂಪಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಅಗ್ಗದ ಡಬ್ಬಿಗೆ ಬರಿಮೈಯಲ್ಲಿ ಸುರಿಯಲೂ ಬೇಡ. ನಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಅಂದುಕೊಂಡು, ಸೊಸೆಯ ಸೂಜಿದಾರದ ಡಬ್ಬಿಯಲ್ಲಿ ಬಣ್ಣಬಣ್ಣದವನ್ನು ಜೋಡಿಸಿ ಇಟ್ಟಿದ್ದೆ. ಹತ್ತು ದಿನ ಬಿಟ್ಟು ನೋಡಿದರೆ ಡಬ್ಬಿಯ ತಳವೇ ಕರಗಿ ಹುಳುಗಳಿಗೆ ಅಂಟಿಕೊಂಡಿತ್ತು. ಸೊಸೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ನೋವಾಯಿತು.

ಕೈಗೆ ಗ್ಲೌಸ್ ಹಾಕಿಕೋ. ನನ್ನ ಹೆಬ್ಬೆರಳು ಮೂರು ದಿನ ಹಳದಿಹಸಿರಾಗಿತ್ತು, ಮಗುವಿನ ನಾಮಕರಣದ ಫೋಟೊದಲ್ಲಿ ಈಗಲೂ ಕಾಣುತ್ತದೆ, ಬೇಕಾದರೆ ಹುಡುಕು.

ಕಪ್ಪು ಮಾರ್ಕರ್ ಪೆನ್ನು ಪರವಾಗಿಲ್ಲ. ಆದರೆ ಗೆರೆ ಒಳಕ್ಕೆ ಇಳಿಯುತ್ತ ಇಳಿಯುತ್ತ ಹರಡಿಕೊಳ್ಳುತ್ತದೆ, ಇವತ್ತು ಎಳೆದ ಪಟ್ಟೆ ವಾರದ ಹೊತ್ತಿಗೆ ಮಸಿ ಚೆಲ್ಲಿದ ಹಾಗಿರುತ್ತದೆ. ಕೆರೆಗೆ ಹೊರಡುವ ದಿನವೇ ಎಳೆ.

ಈಗ ನಿಮ್ಮ ಅಪ್ಪ ಕೆಳಗೆ ಬರೆದಿದ್ದಾರೆ, "ಮೀನಿಗೆ ಬಣ್ಣ ಕಾಣಿಸುತ್ತದೆಯೇ, ಇದೆಲ್ಲ ಅಂಗಡಿಯವರ ನಾಟಕವೇ?" ಎಂದು. ಅರ್ಧ ನಾಟಕ, ಅರ್ಧ ನಿಜ. ಇಲಿನಾಯ್ ವಿಶ್ವವಿದ್ಯಾಲಯದವರು ಇದೇ ಬಾಸ್‌ಗೆ ಬಣ್ಣದ ಗುರುತುಗಳನ್ನು ತೋರಿಸಿ, ಸರಿಯಾದುದರ ಬಳಿ ಬಂದರೆ ಆಹಾರ ಕೊಟ್ಟು ಅಭ್ಯಾಸ ಮಾಡಿಸಿ ನೋಡಿದರು, 2019ರಲ್ಲಿ ಪ್ರಕಟವಾಯಿತು. ಬಾಸ್‌ನ ಕಣ್ಣಿನಲ್ಲಿ ಬಣ್ಣ ಹಿಡಿಯುವ ಕೋಶಗಳು ಎರಡೇ ಬಗೆ, ಒಂದು ಹಸಿರಿನ ಕಡೆಗೆ, ಇನ್ನೊಂದು ಕೆಂಪಿನ ಕಡೆಗೆ. ನಮ್ಮ ಕಣ್ಣಿಗೆ ಮೂರು ಬಗೆ. ಹೀಗಾಗಿ ಕೆಂಪು, ಹಸಿರು ಎರಡನ್ನೂ ಅದು ಚೆನ್ನಾಗಿ ಗುರುತಿಸಿತು. ಚಾರ್ಟ್ರೂಸ್ ಹಳದಿಗೂ ಬಿಳಿಗೂ ವ್ಯತ್ಯಾಸ ತಿಳಿಯದೆ ಗಲಿಬಿಲಿಗೊಂಡಿತು. ಕಪ್ಪಿಗೂ ನೀಲಿಗೂ ಹಾಗೆಯೇ. ನಿನ್ನ ಅಣ್ಣನ ಬಳಿ ಕಪ್ಪು ಮೈಗೆ ನೀಲಿ ಮಿಂಚು ಹಾಕಿದ ಹುಳುಗಳ ನಾಲ್ಕು ಪೊಟ್ಟಣಗಳಿದ್ದವು. ಆ ನೀಲಿಗೆ ಕೊಟ್ಟ ಹಣ ಮೀನಿಗಾಗಿ ಕೊಟ್ಟದ್ದಲ್ಲ ಎಂದು ಅವನಿಗೆ ಹೇಳಿದೆ, ಇಡೀ ಸಂಜೆ ಮುಖ ಊದಿಸಿಕೊಂಡಿದ್ದ. ಮೀನು ಅದಕ್ಕೂ ಬೀಳುತ್ತಿತ್ತು ಎನ್ನುವುದು ಬೇರೆ ಮಾತು. ಕಲಕಿದ ನೀರಿನಲ್ಲಿ ಕಪ್ಪು ಆಕಾರವಾದರೂ ಎದ್ದು ಕಾಣುತ್ತದಲ್ಲ. ಇದು ಬಾಸ್‌ನ ಲೆಕ್ಕ, ಹಾಗೆಯೇ ಎತ್ತಿ ಕೊರವನಿಗೆ ಹೊಂದಿಸಬೇಡ.

ನಾನು ಕಂಡುಕೊಂಡದ್ದು ಇಷ್ಟೇ. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಏಕೆ ಇಡುತ್ತೇವೆ? ನೋಡುವವರ ಕಣ್ಣು ಮೊದಲು ಬೊಟ್ಟಿನ ಮೇಲೆ ಬೀಳಲಿ ಎಂದು. ಹುಳುವಿನ ಬಣ್ಣವೂ ಅದೇ ಕೆಲಸ ಮಾಡಬೇಕು. ಒಂದೇ ಬೊಟ್ಟು. ನಿನ್ನ ಅಣ್ಣ ಬಾಲಕ್ಕೆ ಹಳದಿ, ನಡುವಿಗೆ ಕೆಂಪು, ತಲೆಗೆ ಕಿತ್ತಳೆ ಬಳಿದು ಜಾತ್ರೆಯ ತೇರು ಮಾಡಿಬಿಟ್ಟಿದ್ದ. ಮೂರು ಕಡೆ ಕೂಗಿದರೆ ಕಣ್ಣು ಎಲ್ಲಿ ನಿಲ್ಲಬೇಕು?

ಆ ಬೊಟ್ಟು ಎಲ್ಲಿರಬೇಕು ಎನ್ನುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆಯ ಹಾದಿಯಲ್ಲಿ ಲೇಕ್ ಫೋರ್ಕ್ ಎಂಬ ದೊಡ್ಡ ಜಲಾಶಯವಿದೆ, ಬಾಸ್‌ಗೆ ಹೆಸರುವಾಸಿ. ನೀರಿನ ನಡುವೆ ಒಣಮರಗಳು ನಿಂತಿರುತ್ತವೆ. ನಮ್ಮ ಗೊರೂರಿನ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಇಗರ್ಜಿ ನಿಂತಿಲ್ಲವೇ, ಅದೇ ಥರದ ಮೌನ. ಅಲ್ಲಿ ದಡದಲ್ಲಿ ಕುಳಿತು ಬಣ್ಣ ಹಚ್ಚಿ ಹಚ್ಚಿ ಕೊಡುತ್ತಿದ್ದೆ. ಹಳದಿ ತುದಿಯ ಹುಳುಗಳು ಪ್ರತಿಸಲ ಬಾಲ ಕಳೆದುಕೊಂಡು ಬರುತ್ತಿದ್ದವು, ಮೀನು ಮಾತ್ರ ಇಲ್ಲ. ಬಾಲವನ್ನಷ್ಟೇ ಕಚ್ಚಿ ಎಳೆದು ಹೋಗುತ್ತಿತ್ತು, ಕೊಕ್ಕೆ ಇದ್ದದ್ದು ತಲೆಯ ಹತ್ತಿರ. ನಾವೇ ಬೊಟ್ಟು ಇಟ್ಟು "ಇಲ್ಲಿ ಕಚ್ಚು" ಎಂದು ತೋರಿಸಿದ್ದೆವು, ಪಾಪ, ಅದು ಹೇಳಿದ ಮಾತು ಕೇಳಿತು. ಬೊಟ್ಟನ್ನು ಕೊಕ್ಕೆಯ ಪಕ್ಕಕ್ಕೆ, ಕಿವಿರಿನ ಜಾಗಕ್ಕೆ ತಂದೆ, ಸಣ್ಣ ಕೆಂಪು ಗೆರೆಯಾಗಿ. ಆ ಮಧ್ಯಾಹ್ನ ಎರಡು ಸಿಕ್ಕಿದವು. ಎರಡು ಮೀನಿನಿಂದ ಶಾಸ್ತ್ರ ಹುಟ್ಟುವುದಿಲ್ಲ ಎಂದು ನಿನ್ನ ಅಣ್ಣ ಹೇಳಿದ, ಹೇಳಿಕೊಳ್ಳಲಿ. ಬಾಲ ಕಚ್ಚದ ದಿನ ಬಾಲಕ್ಕೇ ಇರಲಿ. ಕಚ್ಚಿ ಕಚ್ಚಿ ಬಿಡುತ್ತಿದ್ದರೆ ಮುಂದಕ್ಕೆ ತಾ.

ತಾಳು, ಗೇಟಿನ ಹತ್ತಿರ ಯಾರೋ ಬಂದರು. ಹೂವಿನವಳು. ಸರಿ.

ಎಲ್ಲಿಯದ್ದನ್ನು ಅನುಕರಿಸುತ್ತಿದ್ದೀಯೆ ಎಂಬುದೂ ಮುಖ್ಯ. ಅಲ್ಲಿಯ ಕೆರೆಗಳಲ್ಲಿ ಬ್ಲೂಗಿಲ್ ಎಂಬ ಅಗಲ ಮೈಯ ಸಣ್ಣ ಮೀನಿದೆ, ಅದರ ಕಿವಿರಿನ ತುದಿಯಲ್ಲಿ ಕಪ್ಪು ಮಚ್ಚೆ. ಸೀಗಡಿಯಂಥ ಕ್ರೇಫಿಶ್ ಇದೆ, ಅದರ ಇಕ್ಕಳದಂಥ ಮುಂಗಾಲಿನ ತುದಿ ಕಿತ್ತಳೆ. ಅವರ ಚುಕ್ಕೆಗಳೆಲ್ಲ ಅಲ್ಲಿಂದ ಬಂದವು. ನಿನ್ನ ಕೆರೆಯಲ್ಲಿ ಕ್ರೇಫಿಶ್ ಎಲ್ಲಿದೆ? ನಿನ್ನಲ್ಲಿ ಇರುವುದು ಕಪ್ಪೆ, ಸಣ್ಣ ಗೆಂಡೆ, ಜಿಲೇಬಿ ಮೀನು. ಅವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡು, ಬಣ್ಣ ಎಲ್ಲಿ ಗಾಢವಾಗುತ್ತದೆ, ಎಲ್ಲಿ ತಿಳಿಯಾಗುತ್ತದೆ. ಪ್ಲಾಸ್ಟಿಕ್ ಕಪ್ಪೆಯನ್ನು ನೀರಿನ ಮೇಲೆ ಎಳೆಯುವುದಾದರೆ ಬೆನ್ನಿಗೆ ಬಣ್ಣ ಹಚ್ಚಿ ಸಮಯ ಹಾಳು ಮಾಡಬೇಡ, ಕೊರವ ಕೆಳಗಿನಿಂದ ನೋಡುವುದು ಹೊಟ್ಟೆಯನ್ನು.

ನೀರನ್ನೂ ನೋಡಬೇಕು. ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಯವಾಗುವುದು ಕೆಂಪು, ಹಸಿರು ಇನ್ನಷ್ಟು ಆಳದ ತನಕ ಉಳಿಯುತ್ತದೆ. ನೀನು ಆಸೆಪಟ್ಟು ಹಚ್ಚಿದ ಕೆಂಪು ಆಳದಲ್ಲಿ ಬರಿಯ ಕಂದು ಮಸಿ. ಜುಲೈ ಮಳೆಗೆ ಕೆಮ್ಮಣ್ಣು ಕಲಕಿ ನಿಮ್ಮ ಕೆರೆ ಚಹಾದ ಬಣ್ಣಕ್ಕೆ ತಿರುಗಿದಾಗ ಲೆಕ್ಕವೇ ಬೇರೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಕೆರೆಯ ನೀರು ತುಂಬಿ ಹುಳುವನ್ನು ಒಳಗೆ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿ. ನಿನ್ನ ಬೊಟ್ಟು ಕಾಣಿಸದಿದ್ದರೆ ಮೀನಿಗೂ ಕಷ್ಟವೇ. ನನ್ನ ಈ ಪರೀಕ್ಷೆಗೆ ನಿನ್ನ ಅಣ್ಣ ನಕ್ಕಿದ್ದ, ಆಮೇಲೆ ಅವನ ಕಾರಿನಲ್ಲಿಯೇ ಒಂದು ಬಾಟಲಿ ಸಿಕ್ಕಿತು.

ಹಳೆಯ ಹುಳುಗಳನ್ನು ಒಲೆಯ ಮೇಲೆ ಕರಗಿಸಿ ಬಣ್ಣ ಬೆರೆಸಿ ಹೊಸದು ಮಾಡುತ್ತೇನೆ ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ಅದು ಬೇಡ. 1949ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬವರು ಹೆಂಡತಿಯ ಜೊತೆ ಸೇರಿ ಮನೆಯಲ್ಲಿ ಪ್ರಯೋಗ ಮಾಡಿಯೇ ಮೊದಲ ಪ್ಲಾಸ್ಟಿಕ್ ಹುಳು ಮಾಡಿದರು ಎಂದು ಹೇಳುತ್ತಾರೆ, ನಿಜ. ಆದರೆ ಆ ಪಾಕಕ್ಕೆ ನೂರೆಪ್ಪತ್ತು ಡಿಗ್ರಿಗೂ ಮೀರಿದ ಕಾವು ಬೇಕು, ಹೊತ್ತಿದರೆ ಹೊಗೆ ವಿಷ. ನಿಮ್ಮ ಅಮ್ಮನ ಅಡುಗೆಮನೆಯಲ್ಲಿ ಅದು ನಡೆದರೆ ನಾನು ಹೇಳಿಕೊಟ್ಟೆ ಎಂದು ನನ್ನ ಹೆಸರು ಬರುತ್ತದೆ. ಎರಡು ಬಣ್ಣದ ಹುಳು ಬೇಕೇ ಬೇಕೆಂದರೆ, ಬಾಲ ಹರಿದ ಎರಡನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಅಂಗಳದಲ್ಲಿ ಗಾಳಿಗೆ ನಿಂತು, ಕತ್ತರಿಸಿದ ತುದಿಗಳನ್ನು ಲೈಟರಿನ ಉರಿಗೆ ಕ್ಷಣ ತೋರಿಸಿ ಕೂಡಿಸಿ ಹಿಡಿ. ಅಂಟಿಕೊಳ್ಳುತ್ತದೆ. ನನ್ನದು ಮೊದಲು ಸೊಟ್ಟಗೆ ಕೂಡಿತು, ಸೊಟ್ಟಗಿದ್ದದ್ದೇ ನೀರಿನಲ್ಲಿ ಚೆನ್ನಾಗಿ ಕುಣಿಯಿತು. ಹರಿದ ತುಂಡುಗಳನ್ನು ಮಾತ್ರ ಕೆರೆಗೆ ಎಸೆಯಬೇಡ, ಮೀನು ನುಂಗಿದರೆ ಅರಗುವುದಿಲ್ಲ. ಜೇಬಿನಲ್ಲಿ ಒಂದು ಚೀಲ ಇಟ್ಟುಕೋ.

ಕೊರವನ ಮರಿಗಳು ನೀರಿನ ಮೇಲೆ ಕೆಂಪಗೆ ಗುಂಪಾಗಿ ಪುಳಪುಳನೆ ಏಳುತ್ತಿದ್ದರೆ ಆ ಜಾಗಕ್ಕೆ ಗಾಳ ಹಾಕಬೇಡ, ಕೆಳಗೆ ತಾಯಿತಂದೆ ಕಾವಲಿರುತ್ತವೆ. ತೋಟದ ಕೆರೆ ಬಿಟ್ಟು ಬೇರೆಡೆ ಹೋಗುವುದಾದರೆ ಅಲ್ಲಿ ಮೀನು ಹಿಡಿಯುವ ಹಕ್ಕು ಯಾರದು ಎಂದು ಮೊದಲು ವಿಚಾರಿಸು. ಶೃಂಗೇರಿಯ ತುಂಗೆಗೂ ರಾಮನಾಥಪುರದ ಕಾವೇರಿಗೂ ಹೋದರೆ ಪುರಿ ಹಾಕಿ ಕೈಮುಗಿದು ಬಾ, ಅವು ದೇವರ ಮೀನು.

ನನ್ನ ಟ್ರಂಕಿನಲ್ಲಿ ಇನ್ನೂ ಎರಡು ಪೆನ್ನುಗಳಿವೆ, ಒಂದು ಚಾರ್ಟ್ರೂಸ್, ಒಂದು ಕೆಂಪು. ಶೀಷೆಯೂ ಒಂದಿದೆ, ಅರ್ಧ ತುಂಬಿದ್ದು, ಅದೇ ಬೆಳ್ಳುಳ್ಳಿಯದು. ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದರೂ ನನ್ನ ರೇಷ್ಮೆ ಸೀರೆಗಳೆಲ್ಲ ಒಗ್ಗರಣೆ ನಾರುತ್ತಿವೆ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹಾಸನಕ್ಕೆ ಬಾ. ಹಸಿರು ಹುಳುಗಳನ್ನು ತಾ, ಕಪ್ಪಿನವು ಅಲ್ಲಿಯೇ ಇರಲಿ. ಬರುವಾಗ ಹಳೆಯ ಅಂಗಿ ಹಾಕಿಕೊಂಡು ಬಾ.